ಗುರುಸಿದ್ದಮ್ಮನ ಛತ್ರದ ಮೂಲೆ ತೊಲೆ

ಪ್ರೇಮಲೀಲಾ ಅವರು ನಮ್ಮ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದರು. ವಾಸ್ತುಶಿಲ್ಪ ಓದಲು ಬಂದ ಎರಡನೇ ವರ್ಷದ ಮಕ್ಕಳನ್ನು ಹಳೆಯ ಕಟ್ಟಡಗಳಿಗೆ ಕರೆದುಕೊಂಡು ಹೋಗಿ, ಟೇಪು ಹಿಡಿಸಿ ಅಳತೆ ತೆಗೆಸಿ, ನಕ್ಷೆ ಬರೆಸುವುದು ಅವರ ಕೆಲಸ. ನಾನು ಅದೇ ಕಾಲೇಜಿನಲ್ಲಿ ಕಟ್ಟಡಗಳ ಇತಿಹಾಸ ಹೇಳಿಕೊಡುತ್ತೇನೆ. ಮಕ್ಕಳು ಕಿರುಚಿತ್ರ ಮಾಡುವ ತರಗತಿಯೂ ನನ್ನದೇ. ಕ್ಯಾಮೆರಾ ಇಡುವ ಬೀರುವಿನ ಕೀಲಿ ನನ್ನ ಬಳಿ ಇರುತ್ತದೆ. ಹಾಗಾಗಿ ಈಗ ಹೇಳುವ ವಿಷಯದಲ್ಲಿ ನಾನು ಬರೀ ನೋಡಿದವನಲ್ಲ.

ಇದು ನಡೆದಾಗ ಅವರಿಗೆ ನಲವತ್ತಾರು ವರ್ಷ. ಕಾಟನ್ ಸೀರೆಯ ಸೆರಗನ್ನು ಬಿಗಿಯಾಗಿ ಪಿನ್ನು ಹಾಕಿ, ಕಾಲಿಗೆ ಕ್ಯಾನ್‌ವಾಸ್ ಬೂಟು ತೊಟ್ಟು ಬರುತ್ತಿದ್ದರು. ಮೊದಲ ದಿನ ಮಕ್ಕಳು ನಗುತ್ತಿದ್ದರು. ಎರಡನೇ ವಾರ ಅವರೇ ಏಣಿ ಹತ್ತಿ ಹೆಂಚಿನ ಸಂದಿಗೆ ಕೈ ಹಾಕುವುದನ್ನು ನೋಡಿದ ಮೇಲೆ ನಗು ನಿಲ್ಲುತ್ತಿತ್ತು. ಅವರ ಚೀಲದಲ್ಲಿ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. “ಬಣ್ಣ ಹೊಡೆದ ಮರವನ್ನ ನಂಬಬೇಡಿ, ಚುಚ್ಚಿ ನೋಡಿ” ಅನ್ನುವುದು ಅವರ ಮೊದಲ ಪಾಠ. ಅರಮನೆಯನ್ನು ಅಳೆಯಲು ಅವರು ಯಾವತ್ತೂ ಮಕ್ಕಳನ್ನು ಕಳಿಸಲಿಲ್ಲ. “ಅರಮನೆಗೆ ನೋಡಿಕೊಳ್ಳೋರಿದ್ದಾರೆ. ಈ ಊರಲ್ಲಿ ಬಡವರ ಮಕ್ಕಳು ಎಲ್ಲಿ ಮಲಗಿ ಓದಿದರು ಅನ್ನೋದನ್ನ ಬರೆದಿಡೋರು ಯಾರೂ ಇಲ್ಲ” ಅನ್ನುತ್ತಿದ್ದರು.

ಹಾಗೆ ಬರೆದಿಡಬೇಕೆಂದು ಅವರು ಬಹಳ ವರ್ಷ ಕಾದಿದ್ದ ಕಟ್ಟಡ ಗುರುಸಿದ್ದಮ್ಮನ ಛತ್ರ. ಫೋರ್ಟ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಎರಡು ಹೊಸ ಲಾಡ್ಜುಗಳ ನಡುವೆ ಹಿಂದೆ ಸರಿದು ನಿಂತಂತಿತ್ತು. ಗಂಡ ಸತ್ತ ಮೇಲೆ ಗುರುಸಿದ್ದಮ್ಮ ಎಂಬಾಕೆ ತನ್ನ ಒಡವೆ ಮಾರಿ ಹಳ್ಳಿಯಿಂದ ಓದಲು ಬರುವ ಹುಡುಗರಿಗಾಗಿ ಕಟ್ಟಿಸಿದ್ದು. ಕೆಳಗೆ ಅಡುಗೆಮನೆ, ಊಟದ ಸಾಲೆ, ಎರಡು ಉಗ್ರಾಣ; ಮೇಲೆ ಉದ್ದಕ್ಕೆ ಒಂದೇ ಹಜಾರ. ಹಜಾರದ ನೆಲವನ್ನು ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿ ಮಾಡಿದ್ದರು. ಪ್ರೇಮಲೀಲಾ ಅವರ ತಂದೆ ರುದ್ರಸ್ವಾಮಿ ಆ ಹಜಾರದಲ್ಲಿ ಚಾಪೆ ಹಾಸಿಕೊಂಡು ಆರು ವರ್ಷ ಓದಿ ಮೇಷ್ಟರಾದವರು. ಮಗಳಿಗೆ ಅವರು ಕಥೆ ಹೇಳಿದ್ದು ಕಡಿಮೆ, ಛತ್ರದ ವಿಷಯ ಹೇಳಿದ್ದೇ ಹೆಚ್ಚು: ಬೆಳಗ್ಗೆ ಐದಕ್ಕೆ ಗಂಟೆ, ಸಾಲಾಗಿ ವಿಭೂತಿ, ಬಿಸಿ ಮುದ್ದೆಗೆ ಹುರುಳಿ ಸಾರು, ಪರೀಕ್ಷೆಯ ತಿಂಗಳಲ್ಲಿ ಅಡುಗೆಯವರು ಕೊಡುತ್ತಿದ್ದ ಒಂದು ಲೋಟ ಮಜ್ಜಿಗೆ.

2023ರ ಹೊತ್ತಿಗೆ ಛತ್ರ ಮುಚ್ಚಿ ಹತ್ತು ವರ್ಷವಾಗಿತ್ತು. ಅದರ ಟ್ರಸ್ಟಿನವರು ಕೆಡವಿ ಅಂಗಡಿ ಮಳಿಗೆ ಕಟ್ಟುವ ಯೋಚನೆಯಲ್ಲಿದ್ದರು. ಅದನ್ನು ಪಾರಂಪರಿಕ ಕಟ್ಟಡವೆಂದು ಪರಿಗಣಿಸಬೇಕೆಂದು ಪ್ರೇಮಲೀಲಾ ಒಂದು ಅರ್ಜಿ ಹಾಕಿದ್ದರು. ಆಗಸ್ಟ್‌ನ ಒಂದು ಸೋಮವಾರ ಸಮಿತಿಯ ಸಭೆ. ಅಷ್ಟರೊಳಗೆ ಪೂರ್ತಿ ನಕ್ಷೆ, ಜೊತೆಗೆ ಹತ್ತು ನಿಮಿಷದ ಒಂದು ಚಿತ್ರ ಸಿದ್ಧವಾಗಬೇಕು. ನಕ್ಷೆ ಓದಲು ಬಾರದವರಿಗೂ ಚಿತ್ರ ತಾಗುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ನನ್ನ ತರಗತಿಯ ಗಗನ ಎಂಬ ಹುಡುಗಿಗೆ ಕ್ಯಾಮೆರಾ ಕೊಟ್ಟು ಕಳಿಸಿದೆ.

ಶನಿವಾರ ಮಧ್ಯಾಹ್ನ ಕೆಲಸ ಹಜಾರದ ಕೊನೆಗೆ ಬಂದಿತ್ತು. ಅಂದು ಟೇಪಿನ ತುದಿ ಹಿಡಿದಿದ್ದವಳು ಮಾನಸ. ಮಂಡಕಳ್ಳಿಯ ಹುಡುಗಿ, ತಂದೆ ಚೆಲುವರಾಜು ಸೆಂಟ್ರಿಂಗ್ ಮೇಸ್ತ್ರಿ, ದಟ್ಟಗಳ್ಳಿ ಕಡೆಯ ಎಷ್ಟೋ ಮನೆಗಳ ತಾರಸಿಗೆ ಹಲಗೆ ಕಟ್ಟಿದವರು. ಅಪ್ಪ ಕಟ್ಟುವ ಮನೆಗಳ ನಕ್ಷೆಯನ್ನು ತಾನೇ ಬರೆಯಬೇಕೆಂದು ಈ ಓದಿಗೆ ಬಂದವಳು. ತರಗತಿಯಲ್ಲಿ ಅವಳ ಅಳತೆ ಎರಡು ಮಿಲಿಮೀಟರ್ ಕೂಡ ತಪ್ಪುತ್ತಿರಲಿಲ್ಲ.

ಆ ಕೊನೆಯ ಮೂಲೆಯ ತೊಲೆಯನ್ನು ಪ್ರೇಮಲೀಲಾ ಪರೀಕ್ಷಿಸಿರಲಿಲ್ಲ. ಉಳಿದ ತೊಲೆಗಳನ್ನೆಲ್ಲ ಕೆಳಗಿನಿಂದ ಏಣಿ ಹಾಕಿ ಒಂದೊಂದಾಗಿ ಚುಚ್ಚಿ ನೋಡಿದ್ದರು. ಮೂಲೆಯ ಕೆಳಗಿನ ಉಗ್ರಾಣಕ್ಕೆ ಮಾತ್ರ ಬೀಗ ಬಿದ್ದಿತ್ತು. ಕೀಲಿ ಟ್ರಸ್ಟಿನವರ ಹತ್ತಿರ. ಗುರುವಾರ ಕೇಳಬೇಕೆಂದುಕೊಂಡರು, ಯಾವುದೋ ಮೀಟಿಂಗ್ ಬಂತು. ಶುಕ್ರವಾರ ಫೋನು ಮಾಡಿದರು, ಎತ್ತಲಿಲ್ಲ. ಆಮೇಲೆ ಮರೆತರು.

ಮುಂದಿನದನ್ನು ನಾನು ಕ್ಯಾಮೆರಾದಲ್ಲಿ ನೋಡಿದ್ದೇನೆ. ಕಿಟಕಿಯ ಬಿಸಿಲು ಹಜಾರದ ಉದ್ದಕ್ಕೂ ಬಿದ್ದಿದೆ. ಮಾನಸ ಟೇಪು ಹಿಡಿದು ಹಿಂದೆ ಹಿಂದೆ ಹೋಗುತ್ತಾಳೆ, ಮೂಲೆಗೆ ಎರಡು ಮಾರು ದೂರದಲ್ಲಿ ನಿಂತು ತಿರುಗುತ್ತಾಳೆ.

“ಮೇಡಂ, ಇಲ್ಲಿ ತೊಲೆ ನೋಡಿದೀರಾ?”

ಪ್ರೇಮಲೀಲಾ ಚಿತ್ರದಲ್ಲಿ ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ. “ನೋಡಿದೀನಿ, ಹೋಗು. ಬಿಸಿಲು ಹೋಗ್ತಾ ಇದೆ.”

ಮಾನಸ ಹೋಗಿ ಗೋಡೆಯ ಬುಡದಲ್ಲಿ ಮಂಡಿಯೂರಿ ಟೇಪಿನ ತುದಿಯನ್ನು ಗೋಡೆಗೆ ಒತ್ತುತ್ತಾಳೆ. ಅವಳು ಅಳತೆ ಹೇಳುವುದೂ ಪೂರ್ತಿ ಕೇಳಿಸುವುದಿಲ್ಲ. ದೊಡ್ಡ ಸದ್ದೇನೂ ಇಲ್ಲ, ಮೂಟೆ ಇಳಿಸಿದ ಹಾಗೆ ಒಂದು ಸದ್ದು. ಆಮೇಲೆ ಬಿಸಿಲಿನಲ್ಲಿ ಸುಣ್ಣದ ಧೂಳು ಏಳುತ್ತದೆ, ಗಗನ ಕೂಗುತ್ತಾಳೆ, ಕ್ಯಾಮೆರಾ ನೆಲಕ್ಕೆ ತಿರುಗುತ್ತದೆ.

ಅವಳು ಬಿದ್ದದ್ದು ಬೀಗ ಹಾಕಿದ್ದ ಉಗ್ರಾಣದೊಳಗೆ. ಬೀಗ ಒಡೆದು ಒಳಗೆ ಹೋಗಲು ಹತ್ತು ನಿಮಿಷ ಹಿಡಿಯಿತು. ಮಕ್ಕಳೇ ಪಕ್ಕದ ಲಾಡ್ಜಿನಿಂದ ಹಾರೆ ತಂದರು. ಒಳಗೆ ಅವಳ ಬೆನ್ನ ಮೇಲೆ ಇಟ್ಟಿಗೆ, ಗಾರೆ, ಮುರಿದ ತೊಲೆಯ ಒಂದು ತುಂಡು. ಎಚ್ಚರವಿತ್ತು. “ಕಾಲು ಎಲ್ಲಿದೆ ಗೊತ್ತಾಗ್ತಿಲ್ಲ ಮೇಡಂ” ಅಂದಳಂತೆ.

ಬೆನ್ನುಹುರಿಗೆ ಪೆಟ್ಟಾಗಿತ್ತು. ಎರಡು ಆಪರೇಷನ್ ಆದವು. ಸೊಂಟದ ಕೆಳಗೆ ಚಲನೆ ಬರುವ ಸಾಧ್ಯತೆ ಬಹಳ ಕಡಿಮೆ ಎಂದು ಡಾಕ್ಟರು ಮೂರನೆಯ ದಿನ ಹೇಳಿದರು. ಅದನ್ನು ಕೇಳಿಸಿಕೊಂಡು ಹೊರಗೆ ಬಂದ ಚೆಲುವರಾಜು ಆಸ್ಪತ್ರೆಯ ವರಾಂಡದಲ್ಲಿ ಪ್ರೇಮಲೀಲಾ ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಎದುರಿಗೆ ನಿಂತಿದ್ದೆ. ಅವರ ಅಂಗಿಯ ತೋಳಿನ ಮೇಲೆ ಒಣಗಿದ ಸಿಮೆಂಟಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಕೇಳಿದರು.

“ಮೇಡಂ, ಆ ತೊಲೆ ತುದಿ ನೋಡಿದ್ರಾ?”

“ನೋಡಿದ್ದೆ.”

“ಚುಚ್ಚಿ ನೋಡಿದ್ರಾ?”

ಪ್ರೇಮಲೀಲಾ ತಲೆ ಎತ್ತಲಿಲ್ಲ. “ಹೂಂ” ಅಂದರು.

“ನೆನ್ನೆ ಪೋಲೀಸ್ನೋರ ಜೊತೆ ಮಹಜರ್‌ಗೆ ಓಗಿದ್ದೆ ಕಣಮ್ಮ. ಗೋಡೆ ಒಳಗಿದ್ದ ತುದಿ ಪೂರಾ ಪುಡಿ ಆಗೋಗದೆ. ಬೆಳ್ಳಲ್ಲಿ ಒತ್ತುದ್ರೆ ಒಳಿಕ್ಕೆ ಇಳೀತದೆ, ರಾಗಿ ಹಿಟ್ಟಂಗೆ. ಒಂದಿನ್ದಲ್ಲ ಎರಡು ದಿನ್ದಲ್ಲ, ವರ್ಸಗಟ್ಲೆ ನೀರು ಕುಡ್ದದೆ.”

ಚೆಲುವರಾಜು ಪ್ರೇಮಲೀಲಾ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದರು. “ಆಯ್ತು ಬುಡಿ ಮೇಡಂ. ನೀವು ಓದಿರೋರು. ನೋಡಿದ್ದೆ ಅಂದ್ರೆ ನೋಡಿದ್ದೆ.”

ಆ ಸುಳ್ಳಿಗೆ ಕ್ಯಾಮೆರಾ ಸಾಕ್ಷಿಯಾಯಿತು. ನಾಲ್ಕನೆಯ ದಿನ ಪ್ರಿನ್ಸಿಪಾಲರು ನನ್ನ ಲ್ಯಾಬಿಗೆ ಬಂದು ಚಿತ್ರವನ್ನು ಮೂರು ಸಲ ನೋಡಿದರು. ಮೊದಲ ಸಲ ಅವರ ಮುಖ ಬಿಳುಪೇರಿತ್ತು. ಮೂರನೇ ಸಲದ ಹೊತ್ತಿಗೆ ಉಸಿರು ಸರಾಗವಾಗಿತ್ತು. “ನೋಡ್ರೀ, ಹುಡುಗಿ ಕೇಳಿದಾಳೆ, ಇವರು ನೋಡಿದೀನಿ ಅಂದಿದಾರೆ. ಕಾಲೇಜಿನ ಕಡೆಯಿಂದ ಎಲ್ಲ ಎಚ್ಚರ ವಹಿಸಿದೀವಿ. ಕಟ್ಟಡವೇ ಸರಿಯಿಲ್ಲ, ಯಾರೇನು ಮಾಡೋಕಾಗುತ್ತೆ?” ಅಂದರು. ಅದರ ಪ್ರತಿ ಪೋಲೀಸರಿಗೆ ಹೋಯಿತು. ಟ್ರಸ್ಟಿನವರಿಗೂ ಹೋಯಿತು. ಪ್ರತಿ ಮಾಡಿಕೊಟ್ಟವನು ನಾನು.

ಒಂದು ವಾರದೊಳಗೆ ಆ ತುಣುಕು ಊರಿನ ವಾಟ್ಸಾಪಿನಲ್ಲೆಲ್ಲ ಓಡಾಡಿತು. ಯಾರು ಬಿಟ್ಟರೋ ಗೊತ್ತಾಗಲಿಲ್ಲ. ಕೆಳಗೆ ಬರೆದಿತ್ತು: “ಪರಂಪರೆಯ ಹೆಸರಲ್ಲಿ ಇನ್ನೆಷ್ಟು ಮಕ್ಕಳು?” ಬೆಳಗಿನ ವಾಕಿಂಗಿಗೆ ಬರುವ ಹಿರಿಯರು, ನಮ್ಮ ಬೀದಿಯ ಕಾಯಿ ಅಂಗಡಿಯ ಶಾಮಣ್ಣ, ನನ್ನ ಹೆಂಡತಿಯ ಅಕ್ಕ, ಎಲ್ಲರೂ ನನಗೆ ಅದನ್ನೇ ಕಳಿಸಿದರು. ಅದಕ್ಕೂ ಮೊದಲೇ, ಸೋಮವಾರದ ಸಮಿತಿಯ ಸಭೆಯಲ್ಲಿ ಛತ್ರದ ಅರ್ಜಿಯನ್ನು ಓದಿರಲೇ ಇಲ್ಲ. ಅಪಾಯಕಾರಿ ಕಟ್ಟಡವೆಂದು ನೋಟಿಸು ಅಂಟಿತು. ದಸರೆಗೆ ಊರಿಗೆಲ್ಲ ದೀಪ ಕಟ್ಟುತ್ತಿದ್ದ ವಾರದಲ್ಲಿ ಗಲ್ಲಿಗೆ ಜೆಸಿಬಿ ಬಂತು. ಒಂದೂವರೆ ದಿನದಲ್ಲಿ ಕೆಲಸ ಮುಗಿಯಿತು. ಪ್ರೇಮಲೀಲಾ ಎದುರಿನ ಲಾಡ್ಜಿನ ಮೆಟ್ಟಿಲ ಮೇಲೆ ನಿಂತು ನೋಡಿದರು. ಕೆಡವುವಾಗ ಹೊರಬಿದ್ದ ಉಳಿದ ತೊಲೆಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಹಳೆ ಮರದ ವ್ಯಾಪಾರಿಗಳು ಅಲ್ಲೇ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

“ಒಂದು ತೊಲೆ ಬದಲಾಯಿಸಿದ್ದರೆ ಸಾಕಿತ್ತು ಮಹೇಶ್” ಎಂದು ನನಗೆ ಹೇಳಿದರು.

ಅಕ್ಟೋಬರ್ ಕೊನೆಯಲ್ಲಿ ಮಾನಸಳನ್ನು ಮಂಡಕಳ್ಳಿಯ ಮನೆಗೆ ಕರೆತಂದಿದ್ದರು. ಗಗನಳ ಜೊತೆ ನಾನು ನೋಡಲು ಹೋದೆ. ಹೊರಕೋಣೆಯಲ್ಲಿ ಮಂಚ ಹಾಕಿದ್ದರು. ವಿಮಾನ ನಿಲ್ದಾಣ ಹತ್ತಿರವೇ ಇದ್ದುದರಿಂದ ವಿಮಾನ ಇಳಿಯುವಾಗ ಮಾತು ನಿಲ್ಲಿಸಬೇಕಾಗುತ್ತಿತ್ತು. ಅವಳ ತಾಯಿ ವಸಂತಮ್ಮ ಕಾಫಿ ತಂದುಕೊಟ್ಟು, ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತರು. ಮಾನಸ ಚಾವಣಿ ನೋಡುತ್ತ ಹೇಳಿದಳು:

“ಸರ್, ನಾನೇ ತಪ್ಪು ಮಾಡ್ಬಿಟ್ಟೆ ಅನ್ಸುತ್ತೆ. ನಿಧಾನಕ್ಕೆ ಕೂರ್ಬೇಕಿತ್ತು. ಒಂದೇ ಸಲ ಮಂಡಿ ಊರ್ಬಿಟ್ಟೆ. ಮೇಡಂ ನೋಡಿದ್ರಲ್ಲ, ತೊಲೆ ಸರಿಯಾಗೇ ಇದ್ದಿರ್ಬೇಕು. ನನ್ನ ಭಾರ ಒಂದೇ ಕಡೆ ಬಿತ್ತು. ಅದನ್ನೇ ಲೆಕ್ಕ ಹಾಕ್ತಾ ಇರ್ತೀನಿ.”

ವಸಂತಮ್ಮ ತಲೆ ತಗ್ಗಿಸಿ ಎಣ್ಣೆ ತಿಕ್ಕುತ್ತಲೇ ಇದ್ದರು. “ದಿನಾ ಇದೇ ಮಾತು ಸಾರ್” ಅಂದರು. “ನಾನೇ ಜೋರಾಗಿ ಕೂತ್ಬುಟ್ಟೆ, ನಾನೇ ಕೂತ್ಬುಟ್ಟೆ ಅಂತಾಳೆ. ಉಂಡ್ರೆ ಮೈ ಬರ್ತದೆ ಅಂತ ಅನ್ನ ಬುಟ್ಟವ್ಳೆ.”

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಪ್ರೇಮಲೀಲಾ ಅವರಿಗೆ ಹೇಳಿದೆ. ಅವರ ಮುಂದೆ ಊಟದ ಡಬ್ಬಿ ತೆರೆದಿತ್ತು. ಮುಚ್ಚಳ ಹಾಕಿದರು.

“ಮಹೇಶ್, ನಾನು ಆ ತೊಲೆ ನೋಡಿರಲಿಲ್ಲ.”

ನನಗೆ ಅನುಮಾನವಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆಸ್ಪತ್ರೆಯ ವರಾಂಡದಲ್ಲೇ ನನಗೆ ಅರ್ಥವಾಗಿತ್ತು. ಆದರೂ ನನ್ನ ಬಾಯಿಂದ ಬಂದ ಮಾತು ಇದು: “ಈಗ ಹೇಳಿ ಏನು ಬರುತ್ತೆ ಮೇಡಂ? ಛತ್ರ ಹೋಯ್ತು. ನಿಮ್ಮ ಕೆಲಸವೂ ಹೋಗುತ್ತೆ.”

“ಛತ್ರಕ್ಕೋಸ್ಕರ ಅಲ್ಲ” ಅಂದರು. “ಆ ಮಗು ತನ್ನ ಭಾರ ಲೆಕ್ಕ ಹಾಕ್ತಿದೆ ಅಂದ್ರಲ್ಲ.”

ಭಾನುವಾರ ಮಂಡಕಳ್ಳಿಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದರು. ಚೆಲುವರಾಜು ಅಂಗಳದಲ್ಲಿ ಸೆಂಟ್ರಿಂಗ್ ಹಲಗೆಗಳ ಮೊಳೆ ಕೀಳುತ್ತಿದ್ದರು. ಬನ್ನಿ ಎಂದು ಒಳಗೆ ಕರೆದು ಕುರ್ಚಿ ಹಾಕಿದರು. ಪ್ರೇಮಲೀಲಾ ಕೂರಲಿಲ್ಲ. ಮಂಚದ ಕಾಲಿನ ಹತ್ತಿರ ನಿಂತು, ಪಾಠ ಮಾಡುವಾಗಿನಷ್ಟೇ ಸ್ಪಷ್ಟವಾಗಿ ಹೇಳಿದರು.

“ಮಾನಸ, ಆ ಮೂಲೆ ತೊಲೆ ನಾನು ನೋಡಿರಲಿಲ್ಲ. ಕೆಳಗಿನ ಕೋಣೆಗೆ ಬೀಗ ಇತ್ತು. ನೀನು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ತಂದೆ ಕೇಳಿದಾಗಲೂ ಸುಳ್ಳು ಹೇಳಿದೆ. ನೀನು ಹೇಗೆ ಕೂತಿದ್ದರೂ ಅದು ಬೀಳ್ತಿತ್ತು. ನಿನ್ನದೇನೂ ತಪ್ಪಿಲ್ಲ.”

ಮಾನಸ ಅವರ ಕಡೆ ಮುಖ ತಿರುಗಿಸಿದಳು. ಮೆಲ್ಲಗೆ ಕೇಳಿದಳು: “ನಾನು ಕೇಳಿದ್ದೆ ಅಲ್ವಾ ಮೇಡಂ?”

“ಹೌದು, ನೀನು ಕೇಳಿದ್ದೆ.”

“ನೋಡಿಲ್ಲ ಅಂದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ.”

“ಗೊತ್ತು.”

“ನಾನು ಕೇಳಿದ್ದೆ” ಎಂದು ಮತ್ತೆ ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಸೊಂಟ ತಿರುಗದೆ ತಲೆ ಮತ್ತು ಭುಜ ಮಾತ್ರ ತಿರುಗಿದವು. ಅದನ್ನು ನೋಡಿ ಪ್ರೇಮಲೀಲಾ ಅವರ ಕೈ ಮುಂದೆ ಬಂತು, ಹಾಗೇ ನಿಂತಿತು.

ವಸಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೂಗಾಡಲಿಲ್ಲ. “ಓಗಿ ಮೇಡಂ” ಅಂದರು. “ಉಣ್ಣೋ ಒತ್ನಲ್ಲಿ ಮನೆಗ್ ಬಂದೋರ್ನ ಬೈದು ನಂಗೆ ಗೊತ್ತಿಲ್ಲ. ನನ್ ಬಾಯಲ್ಲಿ ಏನಾರ ಬಂದ್ಬುಡ್ತದೆ. ಓಗ್ಬುಡಿ.”

ಚೆಲುವರಾಜು ಗೇಟಿನವರೆಗೆ ಬಂದರು. “ನಂಗೆ ಅವತ್ತೇ ಗೊತ್ತಾಗಿತ್ತು” ಅಂದರು. “ಮರ ಮುಟ್ಟುದ್ ತಕ್ಷಣ ಗೊತ್ತಾಯ್ತು. ನೀವೇ ಯೋಳ್ತೀರೇನೋ ಅಂತ ನೋಡ್ತಿದ್ದೆ. ಮೂರು ತಿಂಗ್ಳಾಯ್ತಲ್ಲ ಮೇಡಂ.” ಪ್ರೇಮಲೀಲಾ ಕೈ ಮುಗಿದರು. ಅವರು ಮುಗಿಯಲಿಲ್ಲ, ಗೇಟು ಹಾಕಿಕೊಂಡರು.

ಸೋಮವಾರ ಬೆಳಗ್ಗೆ ಪ್ರೇಮಲೀಲಾ ಪೋಲೀಸ್ ಠಾಣೆಗೆ ಹೋಗಿ, ಎಲ್ಲ ತೊಲೆ ನೋಡಿದ್ದೆ ಎಂದು ಮೊದಲು ಕೊಟ್ಟಿದ್ದ ಹೇಳಿಕೆ ಸುಳ್ಳೆಂದು ಹೊಸ ಹೇಳಿಕೆ ಬರೆದುಕೊಟ್ಟರು. ಅಲ್ಲಿಂದ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಬಂದರು. ಹೊರಗೆ ಕೂತಿದ್ದ ನಮಗೆಲ್ಲ ಪ್ರಿನ್ಸಿಪಾಲರ ಕೂಗು ಕೇಳಿಸಿತು: “ನಿಮಗೆ ತಲೆ ಕೆಟ್ಟಿದೆಯೇನ್ರೀ? ಮುಗಿದುಹೋಗಿದ್ದನ್ನ ಯಾಕೆ ಕೆದಕ್ತೀರಿ?” ಕಾಲೇಜಿನೊಳಗೇ ಒಂದು ವಿಚಾರಣೆ ನಡೆಯಿತು. ನನ್ನನ್ನೂ ಕರೆದು, ಇವರು ತೊಲೆ ಪರೀಕ್ಷಿಸಿಲ್ಲವೆಂಬುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. “ಇಲ್ಲ” ಅಂದೆ. ಪ್ರೇಮಲೀಲಾ ನನ್ನ ಎದುರಿಗೇ ಕೂತಿದ್ದರು, ಅಲ್ಲಗಳೆಯಲಿಲ್ಲ. ಹದಿನೈದು ದಿನದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಮುಂದಿನ ಸೆಮಿಸ್ಟರಿನಿಂದ ಅವರ ಪಾಠ ನನಗೆ ಬಂತು.

ನಿಜ ಹೇಳಿದ್ದರಿಂದ ಮಾನಸಳಿಗಾದರೂ ಅನುಕೂಲವಾಗಬಹುದೆಂದು ಅವರು ನಂಬಿದ್ದರು. ಆದದ್ದು ಬೇರೆ. ಅಲ್ಲಿಯವರೆಗೆ ಪರಿಹಾರದ ಮಾತು ಕಾಲೇಜಿನ ಜೊತೆ ನಡೆಯುತ್ತಿತ್ತು. ಇದು ಶಿಕ್ಷಕಿಯ ವೈಯಕ್ತಿಕ ನಿರ್ಲಕ್ಷ್ಯ, ಅವರೇ ಬರೆದುಕೊಟ್ಟಿದ್ದಾರೆ, ಸಂಸ್ಥೆಗೆ ಸಂಬಂಧವಿಲ್ಲ ಎಂದು ಕಾಲೇಜಿನ ವಕೀಲರು ಈಗ ಕಾಗದ ಕಳಿಸಿದರು. ಚೆಲುವರಾಜು ಪರಿಹಾರಕ್ಕಾಗಿ ಹಾಕಿದ ದಾವೆ ಇನ್ನೂ ನಡೆಯುತ್ತಿದೆ. ಕ್ರಿಮಿನಲ್ ಮೊಕದ್ದಮೆ ಮಾತ್ರ ಬೇಗ ಮುಗಿಯಿತು, ಏಕೆಂದರೆ ಪ್ರೇಮಲೀಲಾ ವಾದ ಮಾಡಲಿಲ್ಲ. ಎಲ್ಲ ತೊಲೆಗಳನ್ನೂ ಪರೀಕ್ಷಿಸಿದ್ದೆ ಎಂಬ ಮೊದಲಿನ ಹೇಳಿಕೆಗೇ ಅಂಟಿಕೊಳ್ಳಿ, ಚಿತ್ರವಿದೆ, ಬಿಡುಗಡೆಯಾಗುತ್ತದೆ ಎಂದು ಅವರ ವಕೀಲರು ಕೊನೆಯವರೆಗೂ ಹೇಳಿದರಂತೆ. ನ್ಯಾಯಾಧೀಶರು ತಪ್ಪು ಒಪ್ಪುತ್ತೀರಾ ಎಂದಾಗ “ಒಪ್ಪುತ್ತೇನೆ” ಅಂದರು. ಜೈಲಾಗಲಿಲ್ಲ, ದಂಡವಾಯಿತು. ಚೆಲುವರಾಜು ಅವತ್ತು ಕೋರ್ಟಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದು, ಮುಗಿದ ಕೂಡಲೇ ಎದ್ದುಹೋದರು.

ಮಾನಸ ಕಾಲೇಜಿಗೆ ಮರಳಿ ಬರಲು ಒಮ್ಮೆ ಯತ್ನಿಸಿದಳು. ನಕ್ಷೆ ಬರೆಯುವ ಹಜಾರ ನಮ್ಮಲ್ಲಿ ಎರಡನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ಕಟ್ಟಡ ಕಟ್ಟುವುದನ್ನು ಕಲಿಸುವ ಕಾಲೇಜಿನಲ್ಲಿ ಗಾಲಿಕುರ್ಚಿ ಹತ್ತುವಂಥ ಒಂದು ಇಳಿಜಾರು ದಾರಿಯೂ ಇರಲಿಲ್ಲ. ಹತ್ತೊಂಬತ್ತು ವರ್ಷ ಪ್ರೇಮಲೀಲಾ ಆ ಮೆಟ್ಟಿಲು ಹತ್ತಿದ್ದರು, ಹದಿನಾಲ್ಕು ವರ್ಷ ನಾನು ಹತ್ತಿದ್ದೆ. ಇಬ್ಬರಿಗೂ ಅದು ಕಂಡಿರಲಿಲ್ಲ. ಮೊದಲ ದಿನ ಚೆಲುವರಾಜು ಮಗಳನ್ನು ಹೊತ್ತುಕೊಂಡು ಹತ್ತಿದರು. ಹಲಗೆ ನಾನೇ ತರುತ್ತೇನೆ, ಕೆಳಗಿನ ಕೋಣೆಗಾದರೂ ಒಂದು ಇಳಿಜಾರು ಮಾಡಿಕೊಡುತ್ತೇನೆ, ತರಗತಿ ಅಲ್ಲಿ ಮಾಡಿ ಎಂದು ಕೇಳಿದರು. ಆಡಳಿತ ಮಂಡಳಿಯಲ್ಲಿಟ್ಟು ಹೇಳುತ್ತೇವೆ ಎಂದರು ಆಫೀಸಿನವರು. ಮೂರನೇ ದಿನ ಅವಳು ಬರಲಿಲ್ಲ.

ಈಗ ಅವಳು ಮನೆಯಲ್ಲೇ ಕಂಪ್ಯೂಟರಿನ ಮೇಲೆ ಮನೆಗಳ ನಕ್ಷೆ ಬರೆಯುತ್ತಾಳೆ. ಅಪ್ಪನಿಗೆ ಕೆಲಸ ಕೊಡುವ ಕಂಟ್ರಾಕ್ಟರುಗಳೇ ಬರೆಸಿಕೊಳ್ಳುತ್ತಾರೆ. ಕೆಳಗೆ ಸಹಿ ಬೇರೊಬ್ಬ ಎಂಜಿನಿಯರರದು. ಅನ್ನ ಉಣ್ಣುತ್ತಾಳೆ ಎಂದು ವಸಂತಮ್ಮ ಹೇಳಿದರು. ಗಗನ ಒಮ್ಮೆ ಆ ದಿನದ ಚಿತ್ರವನ್ನು ಪೂರ್ತಿ ಮಾಡಲೇ ಎಂದು ಅವಳನ್ನು ಕೇಳಿದಳು, ಎಲ್ಲಾದರೂ ತೋರಿಸಬಹುದು ಎಂದಳು. ಮಾನಸ ಬೇಡ ಅಂದಳು. “ನಾನು ಬಿದ್ದಿದ್ದನ್ನ ಊರೆಲ್ಲ ನೋಡಿಯಾಯ್ತು. ಸಾಕು.”

ಪ್ರೇಮಲೀಲಾ ದಟ್ಟಗಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ಮನೆಗಳ ಅನುಮತಿ ಅರ್ಜಿಗಳನ್ನು ತುಂಬಿಕೊಡುತ್ತಾರೆ. ಪಾಠಕ್ಕೆ ಬೇರೆ ಎರಡು ಕಡೆಯಿಂದ ಕರೆ ಬಂದಿತ್ತು, ಹೋಗಲಿಲ್ಲ. ಹಳೆ ಊರಿನ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಛತ್ರವಿದ್ದ ಜಾಗದಲ್ಲಿ ಮೂರು ಅಂತಸ್ತಿನ ಮಳಿಗೆ ಎದ್ದಿದೆ. ಮುಂಭಾಗಕ್ಕೆ ಅರಮನೆಯ ಕಮಾನಿನ ಹಾಗೆ ಫೈಬರಿನ ಕಮಾನು ಅಂಟಿಸಿದ್ದಾರೆ, ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇದನ್ನು ನಾನು ಅವರಿಗೆ ಹೇಳಿಲ್ಲ.

ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ಮಾನಸ ಹೇಗಿದ್ದಾಳೆ ಎಂದಷ್ಟೇ ಕೇಳುತ್ತಾರೆ. ಮೊನ್ನೆ, ಬೆನ್ನಿನ ಮೂರನೇ ಆಪರೇಷನ್ ಮುಂದಿನ ತಿಂಗಳಿದೆಯಂತೆ, ನೋವು ಕಡಿಮೆಯಾಗಬಹುದು, ನಡಿಗೆ ಬರುವುದಿಲ್ಲವಂತೆ ಎಂದು ಹೇಳಿದೆ. ತಾರೀಕು ಕೇಳಿದರು. ಹೇಳಿದೆ. ಬರೆದುಕೊಂಡರು.

“ಹೋಗ್ತೀರಾ ಮೇಡಂ?” ಎಂದು ಕೇಳಿದೆ.

“ಇಲ್ಲ” ಅಂದರು. “ನಾನು ಬಂದರೆ ಆ ಮಗುಗೆ ಗೋಡೆ ಕಡೆ ತಿರುಗಬೇಕಾಗುತ್ತೆ. ಆಪರೇಷನ್ ಆದ ಬೆನ್ನಿಗೆ ಅದು ಕಷ್ಟ.”